ಗೆರೆ ಮೇಸ್ತ್ರಿ ಹೇಳಿದ ತಪ್ಪು ಪಾಠ

ಸುಣ್ಣದ ಪುಡಿಯಲ್ಲಿ ಗೆರೆ ಎಳೆಯದೆ ಮೇಸ್ತ್ರಿ ಒಂದು ಇಟ್ಟಿಗೆಯನ್ನೂ ಇಟ್ಟವರಲ್ಲ. ಮನೆಯಾಗಲಿ, ನೀರಿನ ತೊಟ್ಟಿಯಾಗಲಿ, ಕೊನೆಗೆ ಕೋಳಿಗೂಡೇ ಆಗಲಿ, ಮೊದಲು ನೆಲ ಗುಡಿಸಿ, ಗೂಟ ಹೊಡೆದು, ದಾರ ಬಿಗಿಯುತ್ತಿದ್ದರು. ಆಮೇಲೆ ತಳಕ್ಕೆ ತೂತು ಮಾಡಿದ ಹಳೆಯ ಡಬ್ಬದಲ್ಲಿ ಸುಣ್ಣ ತುಂಬಿಕೊಂಡು ದಾರದ ಗುಂಟ ನಡೆಯುತ್ತಿದ್ದರು. ಜೊತೆಯ ಕೆಲಸಗಾರರು ಅವರಿಗೆ ಗೆರೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದು ಅದಕ್ಕೇ. ಮನೆ ಕಟ್ಟಿಸುವವರನ್ನು ಗೆರೆಗಳ ಒಳಗೆ ನಿಲ್ಲಿಸಿ, "ಇದು ಅಡುಗೆಮನೆ. ಕೈ ಚಾಚಿ ನೋಡಿ, ಗೋಡೆ ತಗಲುತ್ತಾ?" ಎಂದು ಕೇಳುತ್ತಿದ್ದರು. ಇಲ್ಲದ ಗೋಡೆಗೆ ಕೈ ಚಾಚಿ ಜನ ನಗುತ್ತಿದ್ದರು. ಗೋಡೆ ಎದ್ದ ಮೇಲೆ ಇಕ್ಕಟ್ಟಾಯಿತೆಂದು ದೂರಿದವರು ಮಾತ್ರ ಯಾರೂ ಇಲ್ಲ.

ಹದಿಮೂರನೇ ವಯಸ್ಸಿನಲ್ಲಿ ಗಾರೆ ಹೊರಲು ಹೋದವರು ಅರವತ್ತೆಂಟಕ್ಕೆ ಕರಣೆ ಕೆಳಗಿಟ್ಟರು. ಆ ಹೊತ್ತಿಗೆ ಎರಡೂ ಮಂಡಿ ಸವೆದಿದ್ದವು. ಮಗಳ ಮನೆಯ ಮುಂದಿನ ಕೋಣೆ ಅವರಿಗೂ ಅವರ ಹೆಂಡತಿಗೂ. ಮಗಳು ಷರ್ಟು ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಪರೀಕ್ಷಿಸುವ ಮೇಜಿನಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಲಾರಿ ಓಡಿಸುತ್ತಾನೆ, ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಏಳು ವರ್ಷದ ಮೊಮ್ಮಗಳು ತಾತನ ಬಾಲ.

ಚರ್ಚಿನಲ್ಲಿ ಮೇಸ್ತ್ರಿಯ ಜಾಗ ಹಿಂದಿನಿಂದ ಎರಡನೇ ಬೆಂಚಿನ ತುದಿ, ಕಾಲು ಚಾಚಲು ಅನುಕೂಲ ಎಂದು. ಭಾನುವಾರದ ಮಕ್ಕಳ ಶಾಲೆಯ ಟೀಚರಮ್ಮ ಹೆರಿಗೆಗೆ ಹೋದಾಗ ಪಾಸ್ಟರು ನೇರವಾಗಿ ಆ ಬೆಂಚಿಗೇ ಬಂದರು.

"ಮೂರು ತಿಂಗಳು ಮಕ್ಕಳನ್ನ ನೋಡ್ಕೊಳ್ಳಿ ಮೇಸ್ತ್ರಿ."

"ಅಯ್ಯನವರೇ, ನಾನು ಇಟ್ಟಿಗೆಗೆ ಪಾಠ ಹೇಳಿದೋನು."

"ಇಟ್ಟಿಗೆ ನಿಮ್ಮ ಮಾತು ಕೇಳಿದೆಯಲ್ಲ, ಮಕ್ಕಳೂ ಕೇಳ್ತವೆ ಬಿಡಿ."

ಪಾಸ್ಟರಿಗಿನ್ನೂ ಮದುವೆಯಾಗಿರಲಿಲ್ಲ. ಮಕ್ಕಳ ವಿಷಯ ಅವರಿಗೆ ಅಷ್ಟೇ ಗೊತ್ತಿತ್ತು.

ಮೊದಲ ಎರಡು ವಾರ ಹೇಗೋ ದಾಟಿತು. ಮೂರನೇ ವಾರದ ಪಾಠ ನಿತ್ಯಜೀವ. ಮೇಸ್ತ್ರಿ ಬೆರಳಿಟ್ಟು ಒಂದೊಂದೇ ಸಾಲು ಓದಿ ಮುಗಿಸಿದರು. ದೇವರ ಮನೆಯಲ್ಲಿ ನಾವು ಎಂದೆಂದಿಗೂ ಇರುತ್ತೇವೆ ಅಂದರು. ಮುಂದೆ ಕೂತಿದ್ದ, ಹಲ್ಲು ಬಿದ್ದ ಹುಡುಗನೊಬ್ಬ ಕೇಳಿದ: "ಎಂದೆಂದಿಗೂ ಅಂದ್ರೆ ಎಷ್ಟು ದಿನ?"

ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮೇಸ್ತ್ರಿ ಎದ್ದು ಹೋಗಿ ಚರ್ಚಿನ ಹಿಂದಿನ ಸಾಮಾನು ಕೋಣೆಯಿಂದ ಸುಣ್ಣದ ಡಬ್ಬ ತಂದರು. ಚರ್ಚಿನ ಗೋಡೆಯಿಂದ ಎರಡು ಅಡಿ ಬಿಟ್ಟು ಸುತ್ತಲೂ ಗೆರೆ ಎಳೆಯುತ್ತಾ ಹೋದರು. ಶುರು ಮಾಡಿದಲ್ಲಿಗೇ ಬಂದಾಗ ಎರಡು ತುದಿಯನ್ನೂ ಕಾಲಿನಿಂದ ಉಜ್ಜಿ ಒಂದು ಮಾಡಿದರು.

"ಈ ಗೆರೆ ಮೇಲೆ ನಡ್ಕೊಂಡು ಹೋಗಿ. ಕೊನೆ ಸಿಕ್ಕಿದೋರಿಗೆ ನನ್ನ ಜೇಬಲ್ಲಿರೋ ಮಿಠಾಯಿ ಪೂರಾ."

ಹದಿನಾಲ್ಕು ಮಕ್ಕಳೂ ಹೊರಟರು. ಹತ್ತು ಸುತ್ತು ಓಡಿದ ಮೇಲೆ ದೊಡ್ಡ ಹುಡುಗರಿಗೆ ಮರ್ಮ ತಿಳಿಯಿತು. "ತಾತಾ, ಇದು ಮೋಸ! ಕೊನೇನೇ ಇಲ್ಲ!" ಎಂದು ಬಂದು ಮುತ್ತಿಕೊಂಡರು. "ಅಷ್ಟೇ ಕಣ್ರೋ ಎಂದೆಂದಿಗೂ ಅಂದ್ರೆ," ಎಂದು ನಕ್ಕು ಮಿಠಾಯಿ ಹಂಚಿದರು. ಆ ದಿನ ತಮ್ಮ ಪಾಠ ತಮಗೇ ಹಿಡಿಸಿತು ಎಂದು ಮೇಸ್ತ್ರಿ ಆಮೇಲೆ ಒಪ್ಪಿಕೊಂಡರು. ಮಿಠಾಯಿ ಒಂದು ಮಿಕ್ಕಿತ್ತು. ಎಣಿಸಿ ನೋಡಿದರೆ ಮೊಮ್ಮಗಳಿಲ್ಲ.

ಅವಳು ಚರ್ಚಿನ ಹಿಂದೆ, ನಲ್ಲಿಯ ಹತ್ತಿರ, ಗೆರೆಯ ಮೇಲೇ ಕೂತಿದ್ದಳು. ಜಾಗ ಅಳೆಯುವಾಗ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ ನಡೆಯಬೇಕೆಂದು ತಾತನೇ ಅವಳಿಗೆ ಕಲಿಸಿದ್ದರು. ಹಾಗೆಯೇ ನಡೆದಿದ್ದಳು. ಮೂರನೇ ಸುತ್ತಿನಲ್ಲಿ ಅಳು ಬಂದು ಕೂತುಬಿಟ್ಟಿದ್ದಳು.

"ತಾತ, ಇದು ಮುಗಿಯಲ್ಲ."

"ಹೂಂ ಪುಟ್ಟಿ, ಮುಗಿಯಲ್ಲ. ಅದೇ ಪಾಠ. ತಗೋ ಮಿಠಾಯಿ."

"ದೇವರ ಮನೇಲೂ ಹೀಗೇನಾ? ಮತ್ತೆ ನಮ್ಮನೆಗೆ ಬರೋದು ಯಾವಾಗ?"

"ಅದೇ ಮನೆ ಆಗುತ್ತಲ್ಲ ಆವಾಗ."

"ಸಾಕು ಅನ್ನಿಸಿದ್ರೆ?"

ಮಿಠಾಯಿ ಮೇಸ್ತ್ರಿಯ ಅಂಗೈಯಲ್ಲೇ ಅಂಟಿಕೊಂಡಿತು.

ಆ ಸಂಜೆ ಮನೆಯಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆ ಹೇಳುವಾಗ ಹುಡುಗಿ ಕೊನೆಯ ಸಾಲಿನ 'ಸದಾಕಾಲವೂ' ಎಂಬಲ್ಲಿಗೆ ಬಂದು ಬಾಯಿ ಮುಚ್ಚಿದಳು. ಮರುದಿನವೂ ಹಾಗೆಯೇ. ಮೂರನೇ ದಿನ ಪ್ರಾರ್ಥನೆಗೆ ಕೂರಲೇ ಇಲ್ಲ. ಭಾನುವಾರ ಚರ್ಚಿಗೂ ಬರುವುದಿಲ್ಲ ಅಂದಳು. ಒತ್ತಾಯ ಮಾಡಿದರೆ ಅಳುತ್ತಿರಲಿಲ್ಲ. ಮಂಚದ ಕಾಲು ಹಿಡಿದು ಬಿಳಿಚಿಕೊಂಡು ಕೂರುತ್ತಿದ್ದಳು. ಅದು ಅಳುವಿಗಿಂತ ಕಷ್ಟ.

ಮಗಳು ತಂದೆಯನ್ನು ತರಾಟೆಗೆ ತೆಗೆದುಕೊಂಡಳು. "ಅಪ್ಪಾ, ಲೋಕದಲ್ಲಿ ಜನ ನರಕ ತೋರಿಸಿ ಮಕ್ಕಳನ್ನ ಹೆದರಿಸ್ತಾರೆ. ಸ್ವರ್ಗ ತೋರಿಸಿ ಹೆದರಿಸಿದೋನು ನೀನೊಬ್ಬನೇ! ಇವಳು ಇನ್ನು ಜನ್ಮಕ್ಕೆ ಪ್ರಾರ್ಥನೆ ಮಾಡದೇ ಇದ್ರೆ ಏನು ಮಾಡ್ತೀಯ?"

"ಸರಿ ಮಾಡ್ತೀನಿ ಕಣಮ್ಮ."

"ಹೇಗೆ? ಗೋಡೇನಾ, ಒಡೆದು ಮತ್ತೆ ಕಟ್ಟೋಕೆ?"

ಮೇಸ್ತ್ರಿ ಪಾಸ್ಟರ ಬಳಿ ಹೋದರು. ಅಲ್ಲಿ ಕಾಲವೇ ಇರುವುದಿಲ್ಲ, ಹಾಗಾಗಿ ಉದ್ದ ಎಂಬ ಪ್ರಶ್ನೆಯೇ ಬರುವುದಿಲ್ಲ ಎಂದು ಪಾಸ್ಟರು ತಾಳ್ಮೆಯಿಂದ ವಿವರಿಸಿದರು.

"ಕಾಲ ಇಲ್ದಿದ್ರೆ ಅಲ್ಲಿ ಸ್ತುತಿ ಹಾಡೋದು ಹೇಗೆ ಅಯ್ಯನವರೇ? ಮೊದಲ್ನೇ ಸಾಲು ಮುಗಿದ ಮೇಲಲ್ವಾ ಎರಡ್ನೇ ಸಾಲು?"

ಪಾಸ್ಟರು ತಲೆ ಕೆರೆದುಕೊಂಡರು. "ಇದನ್ನ ನಮ್ಮ ಪರೀಕ್ಷೆಯಲ್ಲಿ ಕೇಳಿರಲಿಲ್ಲ ಮೇಸ್ತ್ರಿ," ಅಂದರು. ಒಳ್ಳೆಯ ಹುಡುಗ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ.

ಮೇಸ್ತ್ರಿ ಮನೆಗೆ ಹೋಗದೆ ಖಾಲಿ ಚರ್ಚಿನೊಳಗೆ ತಮ್ಮ ಬೆಂಚಿನಲ್ಲಿ ಕೂತರು. ಮಗುವಿಗೆ ಹೇಳುವ ಮುಂಚೆ ಆ 'ಎಂದೆಂದಿಗೂ' ಏನೆಂದು ತಾನಾದರೂ ಒಮ್ಮೆ ನೋಡಬೇಕು ಅನ್ನಿಸಿತಂತೆ. ಕಣ್ಣು ಮುಚ್ಚಿ, ತಾನು ಅಲ್ಲಿಗೆ ಹೋಗಿ ಹತ್ತು ವರ್ಷವಾಯಿತು ಅಂದುಕೊಂಡರು. ಚೆನ್ನಾಗಿತ್ತು, ಮಂಡಿ ನೋವಿರಲಿಲ್ಲ. ನೂರು ವರ್ಷ. ಅಪ್ಪ, ಅವ್ವ, ಹಳೆಯ ಸ್ನೇಹಿತರೆಲ್ಲ ಸಿಕ್ಕರು. ಸಾವಿರ ವರ್ಷ. ಲಕ್ಷ. ಅದಾದ ಮೇಲೂ ಒಂದು ದಿನವೂ ಕಡಿಮೆಯಾಗಿಲ್ಲ, ಈಗ ತಾನೇ ಬಂದ ಹಾಗೆ ಎಲ್ಲವೂ ಮುಂದೇ ಇದೆ. ಆಗ ಏಳನೇ ಮಹಡಿಯಲ್ಲಿ, ಲಿಫ್ಟು ಕೂರಿಸಲು ಬಿಟ್ಟ ಗುಂಡಿಯ ಅಂಚಿಗೆ ಕತ್ತಲಲ್ಲಿ ಕಾಲಿಟ್ಟಂತಾಯಿತು. ಎದುರಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅರವತ್ತು ವರ್ಷದಿಂದ ಆ ಮಾತಿಗೆ ಆಮೆನ್ ಹೇಳುತ್ತಾ ಬಂದಿದ್ದವರು, ಒಮ್ಮೆಯೂ ಅದರೊಳಗೆ ಇಣುಕಿರಲಿಲ್ಲ. ಏಳು ವರ್ಷದ ಮಗು ಮೂರನೇ ಸುತ್ತಿಗೇ ಇಣುಕಿತ್ತು.

ಮನೆಗೆ ಬಂದಾಗ ಹೆಂಡತಿ ಬಟಾಣಿ ಬಿಡಿಸುತ್ತಿದ್ದರು. ಮೇಸ್ತ್ರಿ ಪಕ್ಕದಲ್ಲಿ ಕೂತು, "ಲೇ, ನನಗೂ ಹೆದರಿಕೆ ಆಯ್ತು ಕಣೇ," ಅಂದರು.

"ಯಾವುದಕ್ರೀ?"

"ಮುಗಿಯಲ್ಲ ಅನ್ನೋದಕ್ಕೆ."

ಆಕೆ ಕೈ ನಿಲ್ಲಿಸಲಿಲ್ಲ. "ನಿಮ್ಮನ್ನ ಕಟ್ಕೊಂಡು ನಲವತ್ನಾಲ್ಕು ವರ್ಷ ಆಯ್ತು. ಮೊದಲ್ನೇ ವಾರ ನನಗೂ ಹಂಗೇ ಆಗಿತ್ತು."

"ತಮಾಷೆ ಬೇಡ."

"ತಮಾಷೆ ಅಲ್ಲ ರೀ. ಇನ್ನು ಜೀವಮಾನ ಪೂರ್ತಿ ಇಲ್ಲೇನಾ ಅಂತ ಲೆಕ್ಕ ಹಾಕಿದ್ರೆ ಎದೆ ಹಾರೋದು. ಆಮೇಲೆ ಲೆಕ್ಕ ಹಾಕೋದು ಬಿಟ್ಟೆ. ನೀವು ಊಟಕ್ಕೆ ಬಂದ್ರಾ ಇಲ್ವಾ ಅಷ್ಟೇ ನೋಡ್ತಿದ್ದೆ." ಸಿಪ್ಪೆ ಒಟ್ಟುಮಾಡಿ ಎದ್ದರು. "ಇದನ್ನ ನನಗೆ ಹೇಳಿ ಏನು ಬಂತು? ಅವಳಿಗೆ ಹೇಳಿ."

"ಪಾಠ ಹೇಳೋನೇ ಹೆದರಿದೆ ಅಂದ್ರೆ ಹೆಂಗೆ?"

"ಹೆದರದೇ ಹೇಳಿದ ಪಾಠ ಏನಾಯ್ತು ನೋಡಿದ್ರಲ್ಲ."

ಹುಡುಗಿ ಮಂಚದ ಕೆಳಗೆ ಬಣ್ಣದ ಕಡ್ಡಿಗಳನ್ನು ಹರಡಿಕೊಂಡಿದ್ದಳು. ಮೇಸ್ತ್ರಿಗೆ ಬಗ್ಗಲಾಗದು. ಮಂಚದ ಮೇಲೆ ಕೂತು, ಅವಳ ಮುಖ ಕಾಣದೆಯೇ, ನಡೆದದ್ದನ್ನೆಲ್ಲ ಹೇಳಿದರು. ಕೆಳಗಿನಿಂದ ಪ್ರಶ್ನೆ ಬಂತು.

"ನೀನು ಎಷ್ಟರವರೆಗೂ ಹೋದೆ?"

"ಲಕ್ಷ."

"ನಾನು ಮೂರು ಸುತ್ತು." ಆಮೇಲೆ, "ನಿಂಗೂ ಅಳು ಬಂತಾ?" ಎಂದಳು.

"ಇಲ್ಲ. ಬೆಂಚು ಹಿಡ್ಕೊಂಡೆ."

ತಲೆ ಹೊರಗೆ ಬಂತು. ತಾತನ ಮುಖವನ್ನು ಪರೀಕ್ಷೆ ಮಾಡಿತು.

"ಪುಟ್ಟಿ, ಆ ಗೆರೆ ಎಳೆದೋನು ನಾನು, ದೇವರಲ್ಲ. ನಿನ್ನನ್ನ ಚರ್ಚಿನ ಹೊರಗೆ ಬಿಸಿಲಲ್ಲಿ ಸುತ್ತಿಸಿದೆ, ಒಳಗೆ ಕರ್ಕೊಂಡು ಹೋಗ್ಲಿಲ್ಲ. ತಪ್ಪಾಯ್ತು."

"ಹಂಗಾದ್ರೆ ಒಳಗೆ ಹೆಂಗಿರುತ್ತೆ?"

"ಗೊತ್ತಿಲ್ಲ. ಅಲ್ಲಿಗೆ ಕರೆದೋನನ್ನ ಬಲ್ಲೆ, ಒಳ್ಳೆಯವನು. ಅಷ್ಟು ಮಾತ್ರ ಗೊತ್ತು."

ಭಾನುವಾರ ಬೆಳಿಗ್ಗೆ ಹುಡುಗಿ ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮೇಸ್ತ್ರಿ ಮಕ್ಕಳ ಮುಂದೆ ನಿಂತು, ಹೋದ ವಾರ ಹೇಳಿದ ಪಾಠ ತಪ್ಪು, ಎಂದೆಂದಿಗೂ ಅಂದರೆ ಏನೆಂದು ತನಗೆ ತಿಳಿಯದು ಎಂದರು. "ಹಂಗಾದ್ರೆ ಮಿಠಾಯಿ ವಾಪಸ್ ಕೊಡಬೇಕಾ?" ಎಂದು ಹಲ್ಲು ಬಿದ್ದ ಹುಡುಗ ಕಂಗಾಲಾಗಿ ಕೇಳಿದ.

ಕೊನೆಯಲ್ಲಿ ಪ್ರಾರ್ಥನೆ. ಆ ಮಾತು ಬಂದಾಗ ಮೊಮ್ಮಗಳು ಬಾಯಿ ಮುಚ್ಚಿದಳು. ಮೇಸ್ತ್ರಿಗೂ ನಾಲಿಗೆ ಏಳಲಿಲ್ಲ. ಉಳಿದ ಹದಿಮೂರು ಮಕ್ಕಳು ಹೇಳಿ ಮುಗಿಸುವವರೆಗೆ ಇಬ್ಬರೂ ಸುಮ್ಮನಿದ್ದು, ಆಮೆನ್‌ಗೆ ಮಾತ್ರ ದನಿಗೂಡಿಸಿದರು. ಸುಳ್ಳು ಹೇಳುವುದಕ್ಕಿಂತ ಇದೇ ಮೇಲು ಎಂದು ಮೇಸ್ತ್ರಿ ಅಂದುಕೊಂಡರು. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ. ಮನೆಯಲ್ಲಿ ಸಂಜೆ ಕೂಡ ಇಬ್ಬರ ದನಿ ಅಲ್ಲಿ ನಿಲ್ಲುತ್ತಿತ್ತು. ಅಮ್ಮ ಮಗಳನ್ನೂ, ಆಮೇಲೆ ತನ್ನ ಅಪ್ಪನನ್ನೂ ಕಣ್ಣರಳಿಸಿ ನೋಡಿ ಪ್ರಾರ್ಥನೆ ಮುಂದುವರಿಸಿದಳು. ಅಜ್ಜಿ ಮಾತ್ರ ಆ ಪದವನ್ನು ಮೂವರಿಗಾಗುವಷ್ಟು ಜೋರಾಗಿ ಹೇಳುತ್ತಿದ್ದರು.

ಅಲ್ಲಿಂದ ಆರನೇ ಭಾನುವಾರ, ಆ ಪದ ಬಂದಾಗ ಮೇಸ್ತ್ರಿ ಎಂದಿನಂತೆ ಸುಮ್ಮನಾದರು. ಪಕ್ಕದಿಂದ ತೆಳ್ಳಗಿನ ದನಿಯೊಂದು ಆ ಪದವನ್ನು ಹೇಳಿ ಮುಂದಕ್ಕೆ ಹೋಯಿತು. ಕಣ್ಣು ತೆರೆದು ನೋಡಿದರೆ ಮೊಮ್ಮಗಳು.

ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ ಮೇಸ್ತ್ರಿ ಕೇಳಿದರು. "ಹೆದರಿಕೆ ಹೋಯ್ತಾ ಪುಟ್ಟಿ?"

"ಇಲ್ಲ, ಸ್ವಲ್ಪ ಇದೆ."

"ಮತ್ತೆ ಹೇಳಿದೆ?"

"ನೀನು ಹೇಳ್ತೀಯಾ ಅಂತ ಎಲ್ಲಾ ವಾರಾನೂ ಕಾಯ್ತಿದ್ದೆ. ನೀನು ಹೇಳ್ಲೇ ಇಲ್ಲ. ಅದಕ್ಕೆ ನಾನೇ ಹೇಳಿದೆ."

ಆ ಸಂಜೆ ಮನೆಯ ಪ್ರಾರ್ಥನೆಯಲ್ಲಿ ಮೇಸ್ತ್ರಿ ಕುರ್ಚಿಯ ಕೈಯನ್ನು ಹಿಡಿದುಕೊಂಡು ಆ ಪದವನ್ನು ಹೇಳಿದರು. ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಮೊಮ್ಮಗಳು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಳು.