ಹಲ್ಲುಭಾವ ಕಟ್ಟಿದ ಛತ್ರ

ದಂತವೈದ್ಯರು ಲ್ಯಾಬಿಗೆ ಬರೆದು ಕಳಿಸಿದ್ದು ಒಂದು ಕ್ರೌನಿಗೆ. ಸವೆದ ಹಲ್ಲಿನ ಮೇಲೆ ಟೋಪಿಯಂತೆ ಕೂರಿಸುತ್ತಾರಲ್ಲ, ಅದಕ್ಕೆ. ಬಂದ ಡಬ್ಬಿಯನ್ನು ಅವರು ತೆರೆದದ್ದು ಕುರ್ಚಿಯಲ್ಲಿ ಬಾಯಗಲಿಸಿ ಮಲಗಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಮೂಗಿನ ನೇರಕ್ಕೆ. ಚಿಮಟದಲ್ಲಿ ಮೇಲೆದ್ದು ಬಂದದ್ದು ಹಲ್ಲಲ್ಲ, ಸಿಂಹಾಸನ. ಹೆಬ್ಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ಕೈಹಿಡಿಗಳಲ್ಲಿ ಹಾವಿನ ತಲೆ, ಬೆನ್ನಿಗೆ ಕೆಂಪು ಮೆತ್ತೆ, ಮೆತ್ತೆಯ ಮೂಲೆಯಲ್ಲಿ ಇಲಿ ಕಡಿದ ತೂತು.

"ಕ್ರೌನ್ ಕೇಳಿದ್ರೆ ಸಿಂಹಾಸನ ಕಳಿಸಿದಾನೆ!" ವೈದ್ಯರು ಕೂಗಾಡಿದರು. "ಹಲ್ಲಿಗೆ ಬ್ರಿಜ್ ಕೇಳಿದ್ರೆ ಕೆಳಗೊಂದು ನದೀನೂ ಸೇರಿಸಿ ಕಳಿಸ್ತಾನೇನೋ!"

ಮುಖ್ಯೋಪಾಧ್ಯಾಯಿನಿ ಬಾಯಿ ಮುಚ್ಚಿಕೊಂಡು, "ಅದನ್ನ ನನಗೆ ಹಾಕೋದೇನೂ ಬೇಡ. ಆದ್ರೆ ಇತ್ತ ಕೊಡಿ, ಒಂದ್ಸಲ ನೋಡ್ತೀನಿ" ಎಂದರಂತೆ.

ಸಿಂಹಾಸನ ಕಳಿಸಿದವರು ನನ್ನ ಭಾವ, ಅಕ್ಕನ ಗಂಡ. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಕೆಲಸ. ಮನೆಮಂದಿಗೆಲ್ಲ ಅವರು ಹಲ್ಲುಭಾವ. ಲ್ಯಾಬ್ ಎಂದರೆ ಗಲ್ಲಿಯ ಕೊನೆಯ ಕೋಣೆ, ಕಿಟಕಿ ತೆರೆದರೆ ಪಕ್ಕದವರ ಗೋಡೆ. ಕಪಾಟಿನ ತುಂಬ ನಂಬರು ಬರೆದ ಪ್ಲಾಸ್ಟರಿನ ದವಡೆಗಳು, ಯಾರೋ ಹೇಳಿದ ಜೋಕಿಗೆ ಒಟ್ಟಿಗೆ ನಕ್ಕು ಹಾಗೇ ನಿಂತುಬಿಟ್ಟಂತೆ. ಮೇಜಿನ ಎಡಗಡೆ ಕಸುಬು, ಬಲಗಡೆ ಹವ್ಯಾಸ: ಪುಟಾಣಿ ಕುರ್ಚಿ, ಮಂಚ, ಮನೆ. ಆ ದಿನ ಒಂದೇ ನಮೂನೆಯ ಎರಡು ಡಬ್ಬಿಗಳು ಅದಲುಬದಲಾಗಿದ್ದವು, ಅಷ್ಟೆ.

ವೈದ್ಯರ ನರ್ಸ್ ಸಿಂಹಾಸನವನ್ನು ಹತ್ತಿಯಲ್ಲಿ ಸುತ್ತಿಕೊಂಡು ಮರುದಿನ ಲ್ಯಾಬಿಗೇ ಬಂದಳು. ಬೈಗುಳದ ಎರಡನೇ ಕಂತು ಬಂತು ಎಂದುಕೊಂಡ ಭಾವ ಎದ್ದು ನಿಂತರು. ಆಕೆ ಬಂದದ್ದು ಬೇರೆ ಕೆಲಸಕ್ಕೆ. ಭಾನುವಾರಗಳಲ್ಲಿ ಅವಳೂ ನಾಲ್ವರು ಗೆಳೆಯರೂ ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಾರೆ. ಒಬ್ಬೊಬ್ಬರಿಗೂ ಬೆರಳುದ್ದದ ಒಂದೊಂದು ಗೊಂಬೆ. ಇವಳು ರಾಕ್ಷಸರ, ಮಾಟಗಾತಿಯರ ಕಥೆ ನಡೆಸುತ್ತಾಳೆ. ತಮ್ಮ ಗೊಂಬೆ ಈಗ ಏನು ಮಾಡುತ್ತದೆಂದು ಅವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

"ಅಂಕಲ್, ನಮಗೊಂದು ಛತ್ರ ಕಟ್ಟಿಕೊಡ್ತೀರಾ? ಮೂರು ವರ್ಷದ ಕಥೆ, ಕೊನೇ ಯುದ್ಧ ಛತ್ರದೊಳಗೇ ನಡೆಯೋದು. ಇಲ್ಲೀವರೆಗೆ ಕೋಟೆ ಅಂದ್ರೂ ಶೂ ಡಬ್ಬ, ಗುಹೆ ಅಂದ್ರೂ ಶೂ ಡಬ್ಬ."

ಅಳತೆಗೆಂದು ಅವಳು ಒಂದು ಗೊಂಬೆ ತಂದಿದ್ದಳು. ಕತ್ತಿ ಹಿಡಿದ ಹೆಂಗಸು. ಆಗಷ್ಟೇ ಪೊಟ್ಟಣದಿಂದ ತೆಗೆದದ್ದು, ಇನ್ನೂ ಬಣ್ಣ ಕಂಡಿರಲಿಲ್ಲ. ಭಾವ ರೂಢಿಯಂತೆ ಅದರ ಅಚ್ಚು ತೆಗೆದುಕೊಂಡು ಗೊಂಬೆಯನ್ನು ವಾಪಸು ಕೊಟ್ಟರು. ಅವರ ವೃತ್ತಿಯೇ ಹಾಗೆ. ಮೂವತ್ತು ವರ್ಷದಲ್ಲಿ ಸಾವಿರಾರು ಬಾಯಿಗಳಿಗೆ ಹಲ್ಲು ಕಟ್ಟಿದ್ದಾರೆ, ಒಂದು ಬಾಯಿಯನ್ನೂ ಕಂಡಿಲ್ಲ. ಅಚ್ಚು ಬರುತ್ತದೆ, ಹಲ್ಲು ಹೋಗುತ್ತದೆ.

ಏಳು ತಿಂಗಳು ಹಿಡಿಯಿತು. ಕಾಫಿ ಕಲಕುವ ಕಡ್ಡಿಗಳು ಹಲಗೆಗಳಾದವು. ದವಡೆಗೆ ತಂದ ಪ್ಲಾಸ್ಟರು ಕಲ್ಲಿನ ಗೋಡೆಯಾಯಿತು. ಒಸಡಿಗೆ ಬಳಸುವ ಗುಲಾಬಿ ಅಂಟಿನಿಂದ ಪೀಪಾಯಿಗಳು ಎದ್ದವು. ಮೇಲಿನ ಕಂದು ಬಣ್ಣ ಎಲ್ಲಾದರೂ ಕೆರೆದುಹೋದರೆ ಪೀಪಾಯಿ ಒಸಡು ತೋರಿಸಿ ನಗುತ್ತಿತ್ತು. ಎಲ್ಲಕ್ಕೂ ಮೊದಲು ಕಪ್ಪು ಬಳಿಯುವುದು. ಆಮೇಲೆ ತಿಳಿಬಣ್ಣದಲ್ಲಿ ಕುಂಚ ಅದ್ದಿ, ಮುಕ್ಕಾಲು ಪಾಲು ಬಟ್ಟೆಗೆ ಒರೆಸಿ, ಉಳಿದದ್ದನ್ನು ಉಬ್ಬಿದ ಅಂಚುಗಳಿಗೆ ಮಾತ್ರ ಸವರುವುದು. ನಿನ್ನೆಯ ಕಡ್ಡಿ ಇನ್ನೂರು ವರ್ಷದ ತೊಲೆಯಾಗಿಬಿಡುತ್ತಿತ್ತು. ಹಲ್ಲಿನ ಹಳದಿಯಲ್ಲಿ ಹದಿನಾರು ಬಗೆ ಬಲ್ಲ ಮನುಷ್ಯನಿಗೆ ಹಳತು ಮಾಡುವುದನ್ನು ಹೊಸತಾಗಿ ಕಲಿಸಬೇಕೆ?

ಅಕ್ಕ ಮಾತ್ರ ಕರಗಲಿಲ್ಲ. "ಇಲ್ಲಿ ಬಚ್ಚಲ ಬಾಗಿಲು ಎರಡು ವರ್ಷದಿಂದ ಮುಚ್ಚಲ್ಲ. ಒಳಗಿದ್ದವರು ಹೊರಗೆ ಬರೋವರೆಗೂ ಕೆಮ್ಮುತ್ತಾ ಇರಬೇಕು. ಇವರು ನೋಡು, ಇಲಿಗಳಿಗೆ ಹೋಟ್ಲು ಕಟ್ಟಿ ಬಾಗಿಲಿಗೆ ಚಿಲಕ ಹಾಕ್ತಿದಾರೆ!"

"ಇಲಿಗಲ್ಲ ಮಾರಾಯ್ತಿ, ವೀರರಿಗೆ."

ಇಷ್ಟೊಂದು ಯಾಕೆ ಒದ್ದಾಡುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಭಾವ ಕುಂಚ ಕೆಳಗಿಡದೆ ಹೇಳಿದರು: "ಕಟ್ಟಿದ ಹಲ್ಲು ಚೆನ್ನಾಗಿದ್ರೆ ಯಾರಿಗೂ ಗೊತ್ತಾಗಬಾರದು. ಗೊತ್ತಾಯ್ತು ಅಂದ್ರೆ ಕೆಲಸ ಕೆಟ್ಟಿದೆ ಅಂತ. ಮೂವತ್ತು ವರ್ಷ ಗೊತ್ತಾಗದ ಹಾಗೇ ಮಾಡಿದೀನಿ. ಒಂದೇ ಒಂದು ಸಲ, ಯಾರಾದ್ರೂ ನಿಂತು ನೋಡಿ 'ಇದು ಯಾರು ಮಾಡಿದ್ದು' ಅಂತ ಕೇಳ್ಲಿ."

ಛತ್ರ ಒಪ್ಪಿಸುವ ಭಾನುವಾರ ಕಾರು ಓಡಿಸಿದ್ದು ನಾನು, ಹಿಂದಿನ ಸೀಟಿನಲ್ಲಿ ಅಕ್ಕ. ಭಾವ ಛತ್ರವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ರಸ್ತೆಯಲ್ಲಿ ಹಂಪು ಬಂದಲ್ಲೆಲ್ಲ ನನ್ನ ಏಳು ತಲೆಮಾರು ನೆನಪಾಗುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆಟ. ಛತ್ರವನ್ನು ಮೇಜಿನ ಮೇಲಿಟ್ಟಾಗ ಕೂತಿದ್ದವರೆಲ್ಲ ಎದ್ದು ನಿಂತರು. ಅವರಲ್ಲೊಬ್ಬರು ಭೌತಶಾಸ್ತ್ರದ ಲೆಕ್ಚರರ್. ತಮ್ಮ ಗೊಂಬೆಯನ್ನು ಗಂಭೀರವಾಗಿ ಎತ್ತಿಕೊಂಡು ಮುಂಬಾಗಿಲಿಗೆ ತಂದರು.

ಟಕ್.

ವೀರ ಒಳಗೆ ಹೋಗಲಿಲ್ಲ. ಆಟಕ್ಕಿಳಿಯುವ ಮೊದಲು ಪ್ರತಿ ಗೊಂಬೆಯನ್ನೂ ಬೀಳದಂತೆ ಒಂದು ದುಂಡನೆಯ ಬಿಲ್ಲೆಗೆ ಅಂಟಿಸುತ್ತಾರೆ. ಬಿಲ್ಲೆ ದೊಡ್ಡ ನಾಣ್ಯದಷ್ಟಗಲ. ಭಾವನ ಬಾಗಿಲು ಅದರಲ್ಲಿ ಅರ್ಧ. ಅವರು ಅಚ್ಚು ತೆಗೆದಿದ್ದ ಹೆಂಗಸಿನ ಕಾಲಡಿ ಆಗ ಬಿಲ್ಲೆಯೇ ಇರಲಿಲ್ಲ.

"ಸ್ವಲ್ಪ ಓರೆ ಮಾಡಿ ನೋಡಿ," ಎಂದಳು ನರ್ಸ್. ಲೆಕ್ಚರರ್ ಬಾಡಿಗೆ ಮನೆಗೆ ಬೀರು ಸಾಗಿಸುವವರ ಹಾಗೆ ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಚಾವಣಿ ಎತ್ತಿ ಮೇಲಿನಿಂದ ಇಳಿಸಿದರೆ ನೆಲ ಸಿಗಲಿಲ್ಲ: ಹನ್ನೆರಡು ಮೇಜುಗಳನ್ನು ಭಾವ ಒತ್ತೊತ್ತಾಗಿ ಅಂಟಿಸಿದ್ದರು. ವೀರ ಊಟದ ಮೇಜಿನ ಮೇಲೆ ಹತ್ತಿ ನಿಂತ.

ಆಟಗಾರನೊಬ್ಬ ಸದ್ದಿಲ್ಲದೆ ಬಗ್ಗಿ, ಮೇಜಿನ ಕೆಳಗಿನಿಂದ ಶೂ ಡಬ್ಬವನ್ನು ಮುಂದಕ್ಕೆ ಎಳೆದ. ಭಾವ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಕಾರಲ್ಲಿ ನನ್ನ ಚೀಲ ಇದೆ, ತಗೊಂಡು ಬಾಮ್ಮ."

ಚೀಲದಿಂದ ಸಣ್ಣ ಗರಗಸ ಹೊರಬಂದಾಗ ಲೆಕ್ಚರರ್ ಅಡ್ಡ ಬಂದರು. "ಬೇಡ ಸಾರ್, ಇಷ್ಟು ಚೆಂದದ ಬಾಗಿಲು! ಬೇಕಾದ್ರೆ ನಮ್ಮ ಗೊಂಬೆಗಳ ಬಿಲ್ಲೆ ಕೀಳ್ತೀವಿ."

"ಹಲ್ಲು ಕೂರಲಿಲ್ಲ ಅಂತ ಪೇಶಂಟಿನ ದವಡೆ ಉಜ್ತಾರೇನ್ರೀ? ನಿಮ್ಮ ಗೊಂಬೆ ದವಡೆ. ನಂದು ಹಲ್ಲು. ಸರೀರಿ ಆಚೆ."

ಹೊಸ ಹಲ್ಲು ಎಲ್ಲಿ ತಗಲುತ್ತದೆಂದು ನೋಡಲು ಕಚ್ಚಿಸುವ ನೀಲಿ ಕಾಗದ ಇದೆಯಲ್ಲ, ಅದನ್ನು ಬಿಲ್ಲೆಗೆ ಸುತ್ತಿ ಬಾಗಿಲಿಗೆ ಒತ್ತಿದರು. ನೀಲಿ ಮೆತ್ತಿದಲ್ಲಿ ಕೊಯ್ದರು, ಉಜ್ಜಿದರು, ಮತ್ತೆ ಒತ್ತಿದರು. ಚೌಕಟ್ಟಿನ ಮೇಲ್ಭಾಗ ಹಾಗೇ ಉಳಿಯಿತು. ಬುಡದಲ್ಲಿ ಮಾತ್ರ ಬಿಲ್ಲೆ ನುಸುಳುವಷ್ಟು ಸೀಳು. ಮೂರು ವಾರ ಕೂತು ಕೆತ್ತಿದ ಬಳ್ಳಿಯ ಬೇರು ಪುಡಿಯಾಗಿ ಮೇಜಿನ ಮೇಲೆ ಬಿತ್ತು. ಭಾವ ಅದನ್ನು ಊದಿ ಆಚೆ ಹಾರಿಸಿದರು. ಆಮೇಲೆ ಏಳು ಮೇಜುಗಳನ್ನು ಒಂದೊಂದಾಗಿ, ಹಲ್ಲು ಕೀಳುವ ಹಾಗೆ, ಅಲ್ಲಾಡಿಸಿ ಕಿತ್ತರು. ಅಷ್ಟು ಹೊತ್ತೂ ಚಾವಣಿ ಇದ್ದದ್ದು ಅಕ್ಕನ ಮಡಿಲಲ್ಲಿ. "ಯಾರೂ ಮುಟ್ಟಬೇಡಿ, ನಾನೂರು ಹೆಂಚಿದೆ," ಎಂದು ಅವಳು ಕಾವಲು ಕಾಯುತ್ತಿದ್ದಳು.

ಮುಕ್ಕಾಲು ಗಂಟೆಯ ನಂತರ ಲೆಕ್ಚರರ್ ಮತ್ತೆ ಗೊಂಬೆ ತಂದರು. ಅದು ಬಾಗಿಲಲ್ಲಿ ಬೆಣ್ಣೆಯಂತೆ ಜಾರಿ ಒಳಗೆ ನಿಂತಿತು. ಎಲ್ಲರೂ ಒಟ್ಟಿಗೆ ಕೂಗಿದ ಸದ್ದಿಗೆ ಕೆಳಗಿನ ಸೈಕಲ್ ಅಂಗಡಿಯವನು ಕೈಯಲ್ಲಿ ಪಂಪಿನ ಸಮೇತ ಓಡಿ ಬಂದ. ಬಂದವನು ಮಾತು ಮರೆತು ಬಗ್ಗಿದ, ಕಿಟಕಿಯೊಳಗೆ ಒಂದು ಕಣ್ಣಿಟ್ಟ.

"ಅಬ್ಬಾ! ಯಾರ್ರೀ ಇದನ್ನ ಮಾಡಿದ್ದು?"

ಏಳೂ ಜನ ಭಾವನ ಕಡೆ ಕೈ ತೋರಿಸಿದೆವು. ಭಾವ ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

ಅಂಗಡಿಯವನು ಕಣ್ಣು ತೆಗೆಯಲೇ ಇಲ್ಲ. "ಒಲೆ, ಏಣಿ, ಹಾಸಿಗೆ, ಎಲ್ಲಾ ಇದೆ. ಯಜಮಾನ್ರೇ, ಇಂಥದ್ದನ್ನ ಕಟ್ಟಿದ ಕೈಗೆ, ಒಂದಿನ ನಾನೂ ಇಷ್ಟೇ ಇಷ್ಟಾಗಿ ಒಳಗೆ ಹೋಗಿ ಇದ್ದುಬಿಡೋಣ ಅನ್ನಿಸಲ್ವಾ?"

ಭಾವ ಕನ್ನಡಕ ಹಾಕಿಕೊಂಡು ಛತ್ರವನ್ನು ಒಮ್ಮೆ ಪೂರ್ತಿ ನೋಡಿದರು.

"ಇಲ್ಲಪ್ಪ," ಎಂದರು. "ಬಚ್ಚಲು ಕಟ್ಟೋದು ಮರೆತುಹೋಗಿದೆ."