ಬಾಗಿಲು ಬಡಿದು ಹತ್ತುತ್ತಿದ್ದ ಸಿದ್ದಣ್ಣ

ಖಾಲಿ ಗಾಡಿಯ ಬಾಗಿಲನ್ನೂ ಬಡಿದು, ಒಳಗಿಂದ ಯಾರಾದರೂ ಓ ಅನ್ನಲಿ ಅಂತ ಒಂದು ಗಳಿಗೆ ಕಾದು, ಆಮೇಲೆ ತೆಗೆಯುತ್ತಿದ್ದವರು ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ಸಿದ್ದಣ್ಣ ಒಬ್ಬರೇ. ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿಯೋರು. ಬಾಗಿಲು ತೆಗೆದು ಒಳಗೆ ಬಗ್ಗಿ, ಯಾರೂ ಇಲ್ಲದ ಹಿಂದಿನ ಸೀಟಿಗೆ "ವಸಿ ಸರ್ಕೊಳ್ಳಿ" ಅನ್ನೋರು. ಬಸ್ಸಿನಲ್ಲಿ ಪಕ್ಕದವರಿಗೆ ಹೇಳ್ತೀವಲ್ಲ, ಹಾಗೇ. ಆಮೇಲೆ ಒಂದು ತುದಿಯಲ್ಲಿ ಒತ್ತರಿಸಿಕೊಂಡು ಕೂತು ಕೆಲಸ ನೋಡೋರು.

ಬಟವಾಡಿಯಲ್ಲಿ, ಹೈವೇ ಪಕ್ಕದ ಸಂದಿಯೊಳಗೆ ಅವರ ಟಿಂಕರಿಂಗ್ ಶೆಡ್ಡು. ಬೇರೆ ಶೆಡ್ಡುಗಳ ಹಾಗೆ ಗುದ್ದಿದ ಕಾರು, ತುಕ್ಕು ಹಿಡಿದ ಆಟೋ ಎಲ್ಲಾ ಮುಟ್ಟುತ್ತಿರಲಿಲ್ಲ. ಮುಂದಿನ ಸೀಟು ಮಡಚಿ, ಬಗ್ಗಿ, ತೂರಿಕೊಂಡು ಹಿಂದೆ ಹೋಗಬೇಕಾದ ಎರಡು ಬಾಗಿಲಿನ ಹಳೇ ಜೀಪಿನಂಥ ಗಾಡಿಗಳಿದ್ದಾವಲ್ಲ, ಅವೇ ಅವರಿಗೆ ಬೇಕು. ಪಕ್ಕದ ತಗಡು ಕೊಯ್ದು, ನಡುವೆ ಕಂಬ ನಿಲ್ಲಿಸಿ, ಹಿಂದಿನವರಿಗೂ ಎರಡೂ ಕಡೆ ಬಾಗಿಲು ಇಟ್ಟುಕೊಡೋರು. "ಆರ್‌ಟಿಒ ಓಡಾಟ ನಿಂದು, ಬಾಗ್ಲು ನಂದು" ಅಂತ ಮೊದಲೇ ಹೇಳಿಬಿಡೋರು. ಸಣಕಲು ಆಳು, ಮೊಣಕೈವರೆಗೂ ವೆಲ್ಡಿಂಗ್ ಕಿಡಿ ಹಾರಿದ ಚುಕ್ಕೆ. ಬಾಯಲ್ಲಿ ಸದಾ ಎಲೆ ಅಡಿಕೆ. ಆದರೆ ಸುಣ್ಣ ಮುಟ್ಟುತ್ತಿರಲಿಲ್ಲ.

"ಸುಣ್ಣ ಇಲ್ದೆ ಅದೇನ್ ಸೊಪ್ಪು ತಿಂದಂಗೆ ತಿಂತೀರಾ ಸಿದ್ದಣ್ಣ?" ಅಂತ ನಾನು ರೇಗಿಸಿದರೆ, "ಸುಣ್ಣ ಕೇಳಿ ಸಾಕಾಗೈತೆ ಕಣವ್ವ" ಅನ್ನೋರು. ಅರ್ಥವಾಗಿರಲಿಲ್ಲ. ಏನೋ ಒಂದು ಗೀಳು ಅಂದುಕೊಂಡಿದ್ದೆ.

ನಾನು ಅವರ ಹತ್ತಿರ ಹೋಗಿದ್ದು ನಮ್ಮವ್ವನ ಮಂಡಿಗೋಸ್ಕರ. ನಮ್ಮದು ಗುಬ್ಬಿ. ಅಪ್ಪ ತೀರಿಕೊಳ್ಳೋಕೆ ಮುಂಚೆ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ, ಅಂಥದ್ದೇ ಎರಡು ಬಾಗಿಲಿನ ಹಸಿರು ಗಾಡಿಯನ್ನು ಮಾರೋಕೆ ಅವ್ವ ಬಿಲ್‌ಕುಲ್ ಒಪ್ಪಲಿಲ್ಲ. ಹೋಗಲಿ ಅಂದರೆ ಮುಂದೆ ಕೂರೋಕೂ ಒಪ್ಪಲಿಲ್ಲ. "ಮುಂದ್ಗಡೆ ಕೂತ್ರೆ ಬರೋ ಲಾರಿಗಳೆಲ್ಲಾ ನನ್ ಮಡ್ಲಿಗೇ ಬಂದಂಗಾಯ್ತವೆ ಕಣೇ, ಸತ್ರೂ ಕೂರಲ್ಲ!" ಹಿಂದೆ ಹತ್ತಿಸೋಕೆ ಹೋದರೆ ಮಂಡಿ ಬಗ್ಗಲ್ಲ. ನಾನು ಸೊಂಟ ಹಿಡಿದು ದಬ್ಬೋದು, ಅವಳು ನನಗೇ ಬಯ್ಯೋದು, ಬೀದಿಯವರೆಲ್ಲಾ ನಿಂತು ನೋಡೋದು. ಕರ್ಮ.

ಆ ಗಾಡಿಗೆ ಇನ್ನೊಂದು ರೋಗವಿತ್ತು. ಗ್ಲಾಸು ಏರಿಸಿದರೆ ಸಾಕು, ಬಿರುಬೇಸಿಗೆಯಲ್ಲೂ ಕೆರೆ ಗೋಡಿನ, ಹಸಿ ಕೆಸರಿನ ವಾಸನೆ. ಎಷ್ಟು ತೊಳೆಸಿದರೂ ಹೋಗಿರಲಿಲ್ಲ. ಡ್ರೈವರ್ ಹಿಂದಿನ ಜಾಗದಲ್ಲಿ ಅವ್ವ ಒಂದು ದಿನವೂ ಕೂತವಳಲ್ಲ. ಎಡಗಡೆ ತಗಡಿಗೆ ಅಂಟಿಕೊಂಡೇ ಕೂರೋಳು. ಯಾಕೆ ಅಂದರೆ, "ಆ ಕಡೆ ತಣ್ಣಗೈತೆ" ಅನ್ನೋಳು.

ಸಿದ್ದಣ್ಣ ನಮ್ಮ ಗಾಡಿಯನ್ನೂ ಬಡಿದರು. ಕಾದರು. ತಲೆ ಒಳಗೆ ಹಾಕಿದವರು "ಸರ್ಕೊಳ್ಳಿ" ಅನ್ನಲಿಲ್ಲ. ಮೂಗರಳಿಸಿ ಒಮ್ಮೆ ಉಸಿರೆಳೆದುಕೊಂಡು, ಬಿಸಿ ಸೈಲೆನ್ಸರ್ ಮುಟ್ಟಿದವರ ಹಾಗೆ ಹಿಂದಕ್ಕೆ ಬಂದರು.

"ಏನ್ ಸಿದ್ದಣ್ಣ, ದೆವ್ವ ಗಿವ್ವ ಐತಾ?" ಅಂತ ನಕ್ಕೆ. ನನ್ನ ಬಾಯಿಗೆ ಬೀಗ ಇಲ್ಲ.

"ಈ ಗಾಡಿ ಮೊದ್ಲು ಬಿಳೀ ಬಣ್ಣ ಇತ್ತಾ?" ಅಂದರು.

ಇತ್ತಂತೆ, ಅಪ್ಪ ಹೇಳ್ತಿದ್ದರು ಅಂದೆ. ಅವರು ಗ್ರೈಂಡರ್ ಹಾಕಿದರು.

ಡ್ರೈವರ್ ಹಿಂದಿನ ತಗಡು ಕೊಯ್ದು ಬಿಚ್ಚುತ್ತಿದ್ದ ಹಾಗೆ ಒಳಗಿಂದ ಕಪ್ಪು ಗೋಡು ಸುರಿಯಿತು. ಪುಡಿಪುಡಿ ಗೋಡು, ಅದರ ಜೊತೆ ಸಣ್ಣಸಣ್ಣ ಬಸವನಹುಳದ ಚಿಪ್ಪು. ಕಡೆಗೆ ಠಣ್ ಅಂತ ನೆಲಕ್ಕೆ ಬಿದ್ದಿದ್ದು ಒಂದು ಅಲ್ಯೂಮಿನಿಯಂ ಸುಣ್ಣದ ಡಬ್ಬಿ. ಸಿದ್ದಣ್ಣ ಗ್ರೈಂಡರ್ ಆಫ್ ಮಾಡಿ, ಆ ಗೋಡಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ನಮ್ ಜಯಂದು" ಅಂದರು.

ಜಯಮ್ಮ ಅವರ ಹೆಂಡತಿ. ಯಾವ ಕಾಲದಲ್ಲೋ, ಪರಿಚಯದವರ ಬಿಳೀ ಗಾಡಿ ಎರವಲು ತಂದು, ಹೆಂಡತಿಯನ್ನು ಕೂರಿಸಿಕೊಂಡು ಕುಣಿಗಲ್ ಹತ್ತಿರದ ತಮ್ಮೂರಿಗೆ ಹೊರಟಿದ್ದರಂತೆ. ಮುಂದಿನ ಸೀಟಿನ ತುಂಬಾ ನೆಂಟರ ಮನೆಗೆ ಒಯ್ಯುವ ಸಾಮಾನು, ಅದಕ್ಕೇ ಆಕೆ ಹಿಂದೆ. ಊರ ಕೆರೆ ಏರಿ ಮೇಲೆ ಹೋಗುವಾಗ ಇವರು ಬಾಯಿಗೆ ಎಲೆ ಹಾಕಿಕೊಂಡು, ಸುಣ್ಣ ಕೊಡು ಅಂತ ಕೈ ಹಿಂದಕ್ಕೆ ಚಾಚಿ ಕತ್ತು ತಿರುಗಿಸಿದರು. ಅಷ್ಟೇ. ಗಾಡಿ ಕೆರೆಗೆ ಹೋಯ್ತು.

"ನನ್ ಕಡೆ ಬಾಗ್ಲಿತ್ತು, ನಾನ್ ಈಚೆ ಬಂದೆ. ಅವ್ಳ ಕಡೆ ಬಾಗ್ಲಿಲ್ಲ ಕಣವ್ವ. ಸೀಟ್ ಮಡ್ಚೋ ಕೊಕ್ಕೆ ನೀರಾಗೆ ಕೈಗೇ ಸಿಗ್ಲಿಲ್ಲ. ಒಳಗಿಂದ ಗಾಜು ಬಡೀತಾ ಇದ್ಲು." ಅವರು ಬೆರಳ ಗೆಣ್ಣಿನಿಂದ ನೆಲಕ್ಕೆ ಬಡಿದು ತೋರಿಸಿದರು. ಟಕ್ ಟಕ್.

ಕ್ರೇನಿನವರು ಎತ್ತಿದ ಗಾಡಿ ಯಾರ ಯಾರ ಕೈಗೆ ಹೋಯಿತೋ. ಕೆರೆಯಿಂದ ಎತ್ತಿದ್ದು ಅಂತ ನಮ್ಮಪ್ಪನಿಗೂ ಮಾರಿದವರು ಬಾಯಿಬಿಟ್ಟಿರಲಿಕ್ಕಿಲ್ಲ. ಅಂದಿನಿಂದ ಸಿದ್ದಣ್ಣ ಇಂಥ ಗಾಡಿ ಕಂಡಕಂಡಲ್ಲಿ ಬಾಗಿಲು ಬಡಿದು, ಹೆಂಡತಿ ಇದ್ದಾಳಾ ಅಂತ ಕೇಳುತ್ತಾ ಬಂದಿದ್ದರು. ನನ್ನ ನಗು ಎಲ್ಲಿ ಹೋಯಿತೋ. ಅಳು ಬಂದುಬಿಟ್ಟಿತು.

ನಾಲ್ಕು ಬಾಗಿಲಾದ ಗಾಡಿಯನ್ನು ನೋಡೋಕೆ ಅವ್ವನನ್ನೂ ಕರೆದುಕೊಂಡು ಹೋದೆ. ಬಾಗಿಲು ಅಂದಮೇಲೆ ಹೊಸ್ತಿಲು ಅಂತ ಇರುತ್ತೆ, ಪೂಜೆ ಆಗದೆ ದಾಟಬಾರದು ಅಂತ ಸಿದ್ದಣ್ಣನ ಹಟ. ಅವ್ವ ಗೊಣಗದೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟಳು. ಸಿದ್ದಣ್ಣ ಡ್ರೈವರ್ ಹಿಂದಿನ ಬಾಗಿಲು ಬಡಿದು, ತೆಗೆದು, ಕೈ ಚಾಚಿದರು.

"ಇಳಿ ಜಯಾ. ಬಾಗ್ಲು ಇಟ್ಟಿವ್ನಿ."

ಮಟಮಟ ಮಧ್ಯಾಹ್ನ. ಹೈವೇಲಿ ಲಾರಿಗಳು ಹೋಗ್ತಾ ಇದ್ದವು. ಅವರು ಕೈ ಚಾಚಿಕೊಂಡು ನಿಂತೇ ಇದ್ದರು. ನಾನು ಬಗ್ಗಿ ನೋಡಿದೆ, ಯಾಕಾದರೂ ನೋಡಿದೆನೋ. ಆವತ್ತೇ ಹೊದಿಸಿದ್ದ ಹೊಸ ರೆಕ್ಸಿನ್ನು ಒಬ್ಬರು ಕೂತಷ್ಟು ಜಾಗದಲ್ಲಿ ತಗ್ಗಾಗಿತ್ತು.

"ಇಳೀತಿಲ್ಲ ಕಣವ್ವ" ಅಂದರು ಸಿದ್ದಣ್ಣ. "ಹೋಗ್ಲಿ, ನಾನೇ ಬತ್ತೀನಿ, ವಸಿ ಸರ್ಕೋ ಅಂತಿವ್ನಿ. ಸರ್ಕೊಳ್ತಾನೂ ಇಲ್ಲ. ಬಿಟ್ಟೋಗಿದ್ನಲ್ಲ, ಇನ್ನೂ ಕ್ವಾಪ ಐತೆ."

ಅವ್ವ ಹೋಗಿ ಆ ತಗ್ಗಿನ ಎದುರಿಗೇ ನಿಂತು, "ಏನವ್ವ ಜಯಮ್ಮ, ಇಷ್ಟ್ ವರ್ಷ ಹುಡ್ಕವ್ನೆ, ಒಸಿ ಜಾಗ ಬುಡಬಾರ್ದಾ?" ಅಂತ ಗದರಿದಳು. ಏನೂ ಆಗಲಿಲ್ಲ. ಸಿದ್ದಣ್ಣ ಮೆಲ್ಲಗೆ ಬಾಗಿಲು ಹಾಕಿ, ಸುಣ್ಣದ ಡಬ್ಬಿ ಜೇಬಿಗಿಟ್ಟುಕೊಂಡು, "ಹುಷಾರಾಗಿ ಹೋಗ್ಬನ್ನಿ ಮೂರೂ ಜನ" ಅಂದರು. ನಾನು ಅವರನ್ನು ಕೊನೇ ಸಲ ಕಂಡಿದ್ದು ಅದೇ.

ಆ ಮಳೆಗಾಲ ಮುಗಿಯೋ ಹೊತ್ತಿಗೆ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರಂತೆ. ಅವರೂರಲ್ಲಿ ತಿಥಿ. ಅವ್ವ ಹೋಗಲೇಬೇಕು ಅಂದಳು. ಊಟ ಮುಗಿಸಿಕೊಂಡು ವಾಪಸ್ ಹೊರಟಾಗ ಹಾಡುಹಗಲು. ಅದೇ ಕೆರೆ ಏರಿ ಮೇಲೆ ಎಮ್ಮೆಗಳು ಅಡ್ಡ ಬಂದವು ಅಂತ ಗಾಡಿ ನಿಲ್ಲಿಸಿದೆ. ಕೆರೆ ತುಂಬಿ ಏರಿಗೆ ಮುಟ್ಟಿತ್ತು.

ನನ್ನ ಬೆನ್ನ ಹಿಂದಿನ ಬಾಗಿಲಿಗೆ ಟಕ್ ಟಕ್ ಅಂತು.

ಕಿಟಕಿಯಾಚೆ ಯಾರೂ ಇಲ್ಲ. ಹಿಂದೆ ರೆಕ್ಸಿನ್ನು ಮೆಲ್ಲಗೆ ಕಿರ್ ಅಂದಿದ್ದು ಕೇಳಿಸಿತು.

"ಸರ್ಕೊಂಡ್ಲು ಕಣೇ" ಅಂದಳು ಅವ್ವ ಪಿಸುದನಿಯಲ್ಲಿ. "ನನ್ ಮೊಣಕೈ ತಣ್ಣಗಾಯ್ತು."

ಆಮೇಲೆ ನಮ್ಮವ್ವ, ಸತ್ತರೂ ಮುಂದೆ ಕೂರಲ್ಲ ಅಂದಿದ್ದ ನಮ್ಮವ್ವ, ತನ್ನ ಕಡೆಯ ಬಾಗಿಲು ತೆಗೆದು ಮಂಡಿ ಹಿಡಿದುಕೊಂಡು ಕೆಳಗಿಳಿದಳು. ಮುಂದಿನ ಬಾಗಿಲು ತೆಗೆದು, ಉಸ್ ಅಂತ ನನ್ನ ಪಕ್ಕ ಹತ್ತಿ ಕೂತಳು.

"ಗಂಡ ಹೆಂಡ್ತಿ ಹಿಂದ್ಗಡೆ ಕೂತ್ಕೊಳ್ಲಿ ಬುಡು" ಅಂದಳು. "ನೀನು ಹಿಂದಕ್ಕೆ ತಿರುಗ್ದಂಗೆ ನೆಟ್ಟಗೆ ಗಾಡಿ ಓಡ್ಸು."

ನನ್ನ ಹಿಂದಿನ ಬಾಗಿಲು ತೆಗೆದುಕೊಂಡಿತು. ಕೆರೆಯ ಗಾಳಿ ಕುತ್ತಿಗೆಗೆ ಬಡಿಯಿತು. ನಾನು ತಿರುಗಲಿಲ್ಲ. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಗೇರ್ ಹಾಕಿದೆ.