ಶುಕ್ರವಾರ ಬೆಳಿಗ್ಗೆಯ ಎರಡನೇ ಭಾಗ

ಮುಗಿದ ಸಿನಿಮಾಕ್ಕೆ ಎರಡನೇ ಭಾಗ ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಗಿದದ್ದು ಮುಗಿಯಿತು, ಖಲಾಸ್, ಮತ್ತೆ ಯಾಕೆ ಕೆದಕುವುದು ಮಾರಾಯ್ರೆ? ಆದರೆ ಈ ಬುದ್ಧಿ ಆಗ ಇರಲಿಲ್ಲ. ಅಂಥದೊಂದು ಎರಡನೇ ಭಾಗಕ್ಕೆ ನಾನೇ ಎಲ್ಲರಿಗೂ ಫೋನ್ ಮಾಡಿ ಜನ ಸೇರಿಸಿದ್ದೆ.

ಅದರ ಮೊದಲ ಭಾಗವನ್ನು ನಾನೂ ನನ್ನ ಹೆಂಡತಿಯೂ ಮದುವೆಯಾದ ವಾರ ಮಂಗಳೂರಿನಲ್ಲಿ ನೋಡಿದ್ದೆವು. ಕೊನೆಯಲ್ಲಿ ನಾಯಕಿ ನಾಯಕನನ್ನು ಬಿಟ್ಟು ಬಸ್ಸು ಹತ್ತುತ್ತಾಳೆ. ಇವಳು ಅತ್ತದ್ದೇ ಅತ್ತದ್ದು, ನನ್ನ ಹೊಸ ಅಂಗಿಯ ತೋಳೆಲ್ಲ ಒದ್ದೆ. ಆಮೇಲೆ ಅಬುಧಾಬಿ, ಖಾಲಿದಿಯಾದಲ್ಲಿ ಒಂದು ಕೋಣೆಯ ಮನೆ. ನಾಲ್ಕು ವರ್ಷ ಚೆನ್ನಾಗಿತ್ತು. ಕಂಪನಿ ಮನೆ ಬಾಡಿಗೆ ಕೊಡುವುದು ನಿಲ್ಲಿಸಿದಾಗ "ಒಂದೇ ವರ್ಷ, ನೀನು ಊರಲ್ಲಿರು" ಎಂದು ಕಳಿಸಿದೆ. ಒಂದು ಹೋಗಿ ಆರಾಯಿತು. ಅವಳು ಶಾಲೆಯಲ್ಲಿ ಟೀಚರಾದಳು. ಫೋನಿನಲ್ಲಿ "ಊಟ ಆಯ್ತಾ?", "ಆಯ್ತು", ಇಷ್ಟೇ ಉಳಿಯಿತು.

ನಾನು ಬೇರೆ ಕಂಪನಿ ಸೇರಿ, ಅವಳನ್ನು ಮತ್ತೆ ಕರೆಸಿಕೊಳ್ಳುವಷ್ಟು ಸಂಬಳವಾದ ವರ್ಷವೇ ಆ ಎರಡನೇ ಭಾಗ ಬಂತು. ದಸರಾ ರಜೆಗೆ ಅವಳನ್ನು ವಿಸಿಟ್ ವೀಸಾದಲ್ಲಿ ಕರೆಸಿದೆ. ಒಟ್ಟಿಗೆ ಕೂತು ಇದನ್ನು ನೋಡಿದರೆ ಅವಳು ಇಲ್ಲೇ ನಿಲ್ಲುತ್ತಾಳೆಂದು ಅದೆಂಥ ಭ್ರಮೆಯೋ ನನಗೆ! ಆಗ ಇಲ್ಲಿ ಕನ್ನಡ ಸಿನಿಮಾ ಅಂದರೆ ಶುಕ್ರವಾರ ಬೆಳಿಗ್ಗೆ ದುಬೈಯಲ್ಲಿ ಒಂದೇ ಆಟ. ಸಾಕಷ್ಟು ಟಿಕೆಟ್ ಮೊದಲೇ ಹೋಗದಿದ್ದರೆ ಅದೂ ರದ್ದು. ಸಿಕ್ಕಸಿಕ್ಕವರ ಕೈಕಾಲು ಹಿಡಿದೆ. ಬ್ಯಾರಿ ಗೆಳೆಯನೊಬ್ಬ "ನಿನ್ನ ಹೆಂಡತಿಗೋಸ್ಕರ ನಾವೆಲ್ಲ ರಜೆಯ ನಿದ್ದೆ ಬಿಡಬೇಕಾ ಮಾರಾಯ?" ಎಂದು ಬೈಯುತ್ತಲೇ ಮನೆಮಂದಿಗೆಲ್ಲ ಟಿಕೆಟ್ ತೆಗೆದುಕೊಂಡ. ಅವಳು ಇಲ್ಲೇ ಉಳಿಯಲು ಬೇಕಾದ ವೀಸಾದ ಅರ್ಜಿಯನ್ನು ಟೈಪ್ ಮಾಡಿಸಿ ಗಾಡಿಯಲ್ಲಿ ಇಟ್ಟುಕೊಂಡಿದ್ದೆ. ಫೋಟೊ ಒಂದೇ ಬಾಕಿ. ವಾಪಸ್ ಬರುವಾಗ ಅಲ್ ಬರ್ಷಾದ ಸ್ಟುಡಿಯೊದಲ್ಲಿ ತೆಗೆಸುವ ಅಂದದ್ದಕ್ಕೆ "ನೋಡುವ" ಅಂದಿದ್ದಳು.

ಸಿನಿಮಾವೋ, ಎಂಥ ಕರ್ಮ! ನಾಯಕ ಹೊಟ್ಟೆ ಒಳಗೆಳೆದುಕೊಂಡು ಓಡುತ್ತಿದ್ದ. ನಾಯಕಿಯ ಪಾತ್ರಕ್ಕೆ ಬೇರೆ ಯಾರೋ ಹುಡುಗಿ. ಕೊನೆಗೆ ಅವಳು ಅದೇ ಬಸ್ಸಿನಿಂದ ಇಳಿದು ಬಂದು ಅವನನ್ನು ತಬ್ಬಿಕೊಂಡಳು. ಹಿಂದಿನ ಸಾಲಿನಲ್ಲಿ ಶಿಳ್ಳೆ. ನಾನು, ನಾಚಿಕೆಗೆಟ್ಟವನು, ಅತ್ತುಬಿಟ್ಟೆ. ಪಕ್ಕಕ್ಕೆ ತಿರುಗಿದರೆ ಇವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಏಳಲು ತಯಾರಾಗಿದ್ದಳು.

ಗಾಡಿಯಲ್ಲಿ ಕೇಳಿದೆ, "ಹೇಗಿತ್ತು?"

"ಬಸ್ಸು ಹತ್ತಿ ಹೋದವಳನ್ನು ಯಾಕೆ ವಾಪಸ್ ಕರೆಸಿದರು?"

"ಬಂದರೆ ತಪ್ಪೇನು?"

"ತಪ್ಪು ಅಂತಲ್ಲ. ಅವಳಿಗೆ ಈಗ ಅವನ ಗುರ್ತವೇ ಇಲ್ಲ, ಅಲ್ವಾ. ಪಾಪ, ಅವನಿಗೂ ಅವಳದ್ದು ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿಯಾದರೂ ಉಳಿಸಿಕೊಳ್ಳುತ್ತಿದ್ದೆ. ಎದುರಿಗೆ ಸ್ಟುಡಿಯೊದ ಬೋರ್ಡು ಬಂತು. ನಾನು ಗಾಡಿ ನಿಲ್ಲಿಸಲಿಲ್ಲ. ಫೋಟೊ ಏನಾಯಿತೆಂದು ಅವಳೂ ಕೇಳಲಿಲ್ಲ.